ಅಘನಾಶಿನಿಯ ಗುಂಟ ಒಂದು ಪ್ರವಾಸ

ದೀಪಾವಳಿ ಕಳೆಯುತ್ತಿದ್ದಂತೆ ಬೆಂಗಳೂರಿನ ನೆಂಟರು ಉತ್ತರ ಕನ್ನಡಕ್ಕೆ ಬರುವ ಮಾತೆತ್ತುತ್ತಾರೆ. ಕಡಲತೀರ, ಯಕ್ಷಗಾನ, ಕಾಡುಪ್ರಾಣಿ ಎಲ್ಲವೂ ಬೇಕೆನ್ನುವ ಅವರ ಪಟ್ಟಿಯಲ್ಲಿ ಕಾರವಾರ, ದಾಂಡೇಲಿ, ಯಾಣ, ಗೋಕರ್ಣ, ಮುರ್ಡೇಶ್ವರಗಳೆಲ್ಲ ಒಂದೇ ವಾರಾಂತ್ಯಕ್ಕೆ ಸೇರಿಕೊಂಡಿರುತ್ತವೆ. ಹಾಗೆ ಬಂದವರ ಹೊತ್ತೆಲ್ಲ ಘಟ್ಟದ ತಿರುವುಗಳಲ್ಲೇ ಕಳೆದುಹೋಗುತ್ತದೆ. ಅದಕ್ಕಾಗಿ ನಾನು ಅವರಿಗೆ ಹೇಳುವುದು ಇಷ್ಟು: ಒಂದೇ ಹೊಳೆಯನ್ನು ಆರಿಸಿಕೊಳ್ಳಿ, ಅದು ಅಘನಾಶಿನಿಯಾಗಿರಲಿ. ಶಿರಸಿಯ ಬಳಿ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ಸಿಲುಕದೆ ಕುಮಟಾ ತಾಲೂಕಿನಲ್ಲಿ ಕಡಲು ಸೇರುವ ಈ ನದಿಯ ಗುಂಟ ನಡೆದರೆ ಬೇಕೆಂದದ್ದೆಲ್ಲ ದಾರಿಯಲ್ಲೇ ಸಿಗುತ್ತದೆ.

ಘಟ್ಟದ ಮೇಲೆ ಶಿರಸಿಯಲ್ಲಿ ಉಳಿದುಕೊಂಡು ಸಿದ್ದಾಪುರ ತಾಲೂಕಿನ ಉಂಚಳ್ಳಿಗೆ ಹೋಗಬೇಕು. 116 ಮೀಟರ್ ಎತ್ತರದಿಂದ ಧುಮುಕುವ ಆ ಜಲಪಾತಕ್ಕೆ ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ. ನೀರೂ ಇರುತ್ತದೆ, ಮಂಜು ಮುಚ್ಚಿ ಏನೂ ಕಾಣದೆ ಹಿಂತಿರುಗುವ ಸಂಭವವೂ ಕಡಿಮೆ. ಸುತ್ತಲಿನ ಕಣಿವೆ ಸಿಂಗಳೀಕಗಳ ನೆಲೆ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಇನ್ನಾವ ಕಾಡಿನಲ್ಲೂ ಇಲ್ಲದ ಈ ಕೋತಿಗಾಗಿಯೇ 2011ರಲ್ಲಿ ಇಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ಸಿಂಗಳೀಕ ಮರದ ಮೇಲಿನಿಂದ ಇಳಿಯುವುದೇ ಅಪರೂಪವಾದ್ದರಿಂದ ಕಂಡೇ ತೀರುತ್ತದೆಂದು ಯಾರೂ ಭರವಸೆ ಕೊಡಲಾರರು. ರಸ್ತೆ ಬದಿ ನಿಂತು ತಿಂಡಿ ಎಸೆದು ಅದನ್ನು ಕರೆಯುವ ಕೆಲಸವನ್ನಂತೂ ದಯವಿಟ್ಟು ಮಾಡಬೇಡಿ.

ಫೆಬ್ರುವರಿ, ಮಾರ್ಚ್‌ನಲ್ಲಿ ಬರುವವರು ಮೊದಲು ಪಂಚಾಂಗ ನೋಡಲಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆಯಿಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷದ ಕುಣಿತವಿರುತ್ತದೆ. ಅದೇ ಹುಣ್ಣಿಮೆಯ ಸುಮಾರಿಗೆ ಕುಮಟಾ, ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರು ತಲೆಗೆ ತುರಾಯಿ ಕಟ್ಟಿ ಸುಗ್ಗಿ ಕುಣಿಯುತ್ತಾರೆ. ಈ ಜನಾಂಗದ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು ಈಗಿಲ್ಲ. ಹಾಡು, ಕುಣಿತ ಊರೂರಲ್ಲಿ ಉಳಿದಿವೆ. ಯಕ್ಷಗಾನಕ್ಕೆ ಮಾತ್ರ ಇಷ್ಟು ಕಾಯಬೇಕಾಗಿಲ್ಲ, ದೀಪಾವಳಿಯ ನಂತರ ಮಳೆಗಾಲದವರೆಗೂ ಒಂದಲ್ಲ ಒಂದು ಕಡೆ ಬಡಗುತಿಟ್ಟಿನ ಆಟ ಇದ್ದೇ ಇರುತ್ತದೆ.

ದೇವಿಮನೆ ಘಟ್ಟ ಇಳಿದ ಮೇಲೆ ಹೆಚ್ಚಿನವರು ನೇರವಾಗಿ ಗೋಕರ್ಣದ ಓಂ ಬೀಚಿಗೆ ಓಡುತ್ತಾರೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಸಮಯ ಸಲ್ಲಬೇಕಾದದ್ದು ಅದಕ್ಕೂ ಮೊದಲು ಸಿಗುವ, ಅಘನಾಶಿನಿ ಕಡಲು ಸೇರುವ ಅಳಿವೆಗೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ 4,801 ಹೆಕ್ಟೇರ್ ಪ್ರದೇಶದಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುವುದರಿಂದಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೆಳೆಯುತ್ತವೆ, ಅವುಗಳ ಬೇರಿನ ನಡುವೆ ಮೀನು, ಸೀಗಡಿ ಮರಿಗಳು ಬೆಳೆಯುತ್ತವೆ, ಅವನ್ನು ಹುಡುಕಿಕೊಂಡು ಹಕ್ಕಿಗಳು ಬರುತ್ತವೆ. ದಂಡೆಯ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಸಮೀಪದ ಸಾಣಿಕಟ್ಟಾದಲ್ಲಿ ಬಿಸಿಲು ಬಲಿತಂತೆ ಉಪ್ಪಿನ ಆಗರಗಳು ಬೆಳ್ಳಗಾಗುತ್ತವೆ. ಇಲ್ಲಿಗೆ ಬರುವ ದಿನವನ್ನು ಇಳಿತದ ವೇಳೆ ನೋಡಿಕೊಂಡು ಗೊತ್ತುಮಾಡಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಬಹುದೂರ ಸರಿಯುತ್ತದೆ. ಆಗ ಹೆಂಗಸರು ಕೆಸರಿಗಿಳಿದು ಚಿಪ್ಪಿಕಲ್ಲು ಹೆಕ್ಕುವುದನ್ನೂ ಹಕ್ಕಿಗಳು ಮೇಯುವುದನ್ನೂ ಒಟ್ಟಿಗೆ ನೋಡಬಹುದು. ಅದು ಅವರ ದಿನದ ದುಡಿಮೆ, ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳಿ.

ಗೋಕರ್ಣದ ಕುಡ್ಲೆ, ಓಂ ಬೀಚುಗಳ ಬಗ್ಗೆ ಹೊಸದಾಗಿ ಹೇಳಬೇಕಾದದ್ದು ಕಡಿಮೆ. ಬಂಡೆಗಳ ಬಳಿ ಸೆಳೆತ ಜೋರಾಗಿರುತ್ತದೆ, ಜೀವರಕ್ಷಕರು ಬೇಡವೆಂದ ಕಡೆ ನೀರಿಗಿಳಿಯಕೂಡದು. ಮೀನೂಟದ ಆಸೆಯಿದ್ದವರು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದನ್ನು ನೆನಪಿಡಲಿ.

ಇನ್ನೂ ಒಂದು ದಿನ ಕೈಯಲ್ಲಿದ್ದರೆ ದಕ್ಷಿಣಕ್ಕೆ ಹೊನ್ನಾವರದ ಕಾಸರಕೋಡಿಗೆ ಹೋಗಿಬನ್ನಿ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಅಲ್ಲಿನ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಟಾರ್ಚು, ಫ್ಲ್ಯಾಶ್, ತೀರದ ಬೆಂಕಿ ಯಾವುದೂ ಬೇಡ, ಏಕೆಂದರೆ ಮರಿಗಳು ಬೆಳಕಿನ ಕಡೆಗೆ ನಡೆದು ಕಡಲಿನ ದಿಕ್ಕು ತಪ್ಪುತ್ತವೆ. ದಾಂಡೇಲಿ ಮತ್ತು ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ಈ ಪ್ರವಾಸಕ್ಕೆ ಸೇರಿಸಬೇಡಿ. ಕಾಳಿ ನದಿಯ ಗುಂಟ ಕಾರವಾರದವರೆಗೆ ಇಳಿಯಲು ಬೇರೆಯೇ ರಜೆ ಹಾಕಿ ಬನ್ನಿ.