ಸೆಟ್ಟರ್ ರಿಟೈರ್ ಆದ ಮೇಲೆ ರಿಜೆಕ್ಷನ್ ಯಾಕೆ ಜಾಸ್ತಿಯಾಯಿತು

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಹಿರಿಯ ಸಿಎನ್‌ಸಿ ಸೆಟ್ಟರ್ (ಕಂಪ್ಯೂಟರ್ ನಡೆಸುವ ಮೆಷಿನ್ ಅನ್ನು ಪ್ರತಿ ಕೆಲಸಕ್ಕೂ ಹೊಂದಿಸುವವರು) ರಿಟೈರ್ ಆದ ಮೇಲೆ ಸ್ಕ್ರ್ಯಾಪ್, ಅಂದರೆ ರಿಜೆಕ್ಟ್ ಆಗಿ ಬಿಸಾಡುವ ಪೀಸ್‌ಗಳು, ಹೆಚ್ಚಿತು. ಇನ್ಸರ್ಟ್ (ಲೋಹ ಕತ್ತರಿಸುವ ಟೂಲ್ ತುದಿ) ಖರ್ಚು, ಓವರ್‌ಟೈಮ್ ಎರಡೂ ಏರಿದವು. ಕೊನೆಗೆ ಕಸ್ಟಮರ್ ಕಡೆಯಿಂದ ಡೆಬಿಟ್ ನೋಟ್ (ನಮಗೆ ಕೊಡಬೇಕಾದ ದುಡ್ಡಿನಲ್ಲಿ ಕಡಿತದ ಚೀಟಿ) ಬಂತು. ಮೆಷಿನ್ ಅದೇ, ಪ್ರೋಗ್ರಾಂ ಅದೇ, ಡ್ರಾಯಿಂಗೂ ಅದೇ.

ಜಾಸ್ತಿ ಕಾಡಿದ್ದು ತೆಳು ಗೋಡೆಯ ಒಂದು ಬುಷ್ (ಕೊಳವೆಯಂಥ ಟೊಳ್ಳು ಪಾರ್ಟ್). ಪೀಸನ್ನು ಹಿಡಿಯುವ ಚಕ್‌ನಲ್ಲಿ ಬಿಗಿಯಾಗಿ ಹಿಡಿದರೆ ಅದು ಸ್ವಲ್ಪ ಅಮುಕಿಕೊಳ್ಳುತ್ತದೆ. ಹಾಗೇ ಬೋರ್ ಮಾಡಿದರೆ, ಅಂದರೆ ಒಳಗಿನ ತೂತು ಕೊರೆದರೆ, ಮೆಷಿನ್ ಮೇಲೆ ಅಳತೆ ಸರಿಯಾಗೇ ಬರುತ್ತದೆ. ಬಿಚ್ಚಿದ ಮೇಲೆ ದುಂಡು ಕೆಡುತ್ತದೆ. ಆ ಹಿರಿಯರನ್ನೇ ಕರೆಸಿ ಕೇಳಿದೆವು. ಅವರು ಸಾಫ್ಟ್ ಜಾಗಳನ್ನು (ಚಕ್‌ನಲ್ಲಿ ಪೀಸ್ ಹಿಡಿಯುವ ಮೆತ್ತನೆ ಲೋಹದ ದವಡೆಗಳು) ಪೀಸಿನ ಅಳತೆಗೇ ಬೋರ್ ಮಾಡಿಕೊಳ್ಳುತ್ತಿದ್ದರು. ರಫ್ ಕಟ್ ಆದ ಮೇಲೆ ಹಿಡಿತ ಸಡಿಲಿಸಿ, ಕಡಿಮೆ ಪ್ರೆಶರ್‌ನಲ್ಲಿ ಮತ್ತೆ ಹಿಡಿದು ಫಿನಿಶ್ ಕಟ್ ಕೊಡುತ್ತಿದ್ದರು. ಬೆಳಿಗ್ಗೆ ಸ್ಪಿಂಡಲ್ ಖಾಲಿ ಓಡಿಸಿ, ಬಿಸಿಯಾದ ಮೇಲೆಯೇ ಮೊದಲ ಪೀಸ್. ತಣ್ಣಗಿದ್ದ ಮೆಷಿನ್ ಬಿಸಿಯಾಗುತ್ತಾ ಹೋದಂತೆ ಅಳತೆ ಮೈಕ್ರಾನ್ ಲೆಕ್ಕದಲ್ಲಿ ಸರಿಯುತ್ತದೆ, ಅಲ್ವಾ? ಇದ್ಯಾವುದೂ ಎಲ್ಲೂ ಬರೆದಿರಲಿಲ್ಲ.

ನಮ್ಮ ಲೆಕ್ಕದಲ್ಲಿ ಮೆಷಿನ್ ಆಸ್ತಿ. ತರಬೇತಿಗೆ ಕೊಟ್ಟ ದುಡ್ಡು ಆ ವರ್ಷದ ಖರ್ಚು. ಕೆಲಸಗಾರರ ಕೌಶಲದ ಮೇಲೆ ಕಂಪನಿಗೆ ಸಾಕಷ್ಟು ಹಿಡಿತ ಇಲ್ಲದ ಕಾರಣ, ಸಾಮಾನ್ಯವಾಗಿ ಅದನ್ನು ಆಸ್ತಿ ಎಂದು ತೋರಿಸಲು ಎಎಸ್ 26 (ಕಣ್ಣಿಗೆ ಕಾಣದ ಆಸ್ತಿಗಳ ಬಗೆಗಿನ ಅಕೌಂಟಿಂಗ್ ನಿಯಮ) ಬಿಡುವುದಿಲ್ಲ. ನಿಯಮ ಸರಿಯೇ ಇದೆ. ಆದರೆ ಖರ್ಚು ಕಡಿಮೆ ಮಾಡಿ ಅಂದಾಗ ಮೊದಲು ಕತ್ತರಿ ಬೀಳುವುದು ತರಬೇತಿಗೇ. ಇನ್ಫೋಸಿಸ್ ಹಿಂದೆ ವಾರ್ಷಿಕ ವರದಿಯಲ್ಲಿ ತನ್ನ ಉದ್ಯೋಗಿಗಳ ಮೌಲ್ಯವನ್ನು 1971ರ ಲೆವ್-ಶ್ವಾರ್ಟ್ಜ್ ಮಾದರಿಯಲ್ಲಿ ಬೇರೆಯಾಗಿ ತೋರಿಸುತ್ತಿತ್ತು. ಮುಂದೆ ಬರುವ ಸಂಬಳವನ್ನು ಇಂದಿನ ಬೆಲೆಗೆ ಇಳಿಸಿ ಕೂಡಿಸುವ ಲೆಕ್ಕ ಅದು. ನಮ್ಮಂಥ ಶಾಪ್‌ಗೆ ಅದರಿಂದ ಪ್ರಯೋಜನ ಇಲ್ಲ ಅನಿಸುತ್ತದೆ. ಸೆಟ್ಟರ್ ಸಂಬಳ ನೋಡಿದರೆ ಬುಷ್ ಬಗ್ಗೆ ಅವರಿಗೇನು ಗೊತ್ತು ಅಂತ ತಿಳಿಯುವುದಿಲ್ಲ.

ಅದಕ್ಕೇ ನಾನು ಪ್ರತಿ ಪಾರ್ಟ್‌ನ ರಿಜೆಕ್ಷನ್ ಖರ್ಚನ್ನು ತಿಂಗಳವಾರು ಬಿಡಿಸಿ ಮಾಲೀಕರ ಮುಂದಿಟ್ಟೆ. ಈಗ ರಿಟೈರ್ ಆಗಲಿರುವವರ ಜೊತೆ ಒಬ್ಬ ಹುಡುಗ ಇರುತ್ತಾನೆ. ಸೆಟ್ಟಿಂಗ್ ಮಾಡುವುದು ಹುಡುಗ, ಹಿರಿಯರು ಪಕ್ಕದಲ್ಲಿ ನಿಂತು ತಿದ್ದುತ್ತಾರೆ. ಸೆಟಪ್ ಶೀಟ್‌ನಲ್ಲಿ ‘ಯಾಕೆ’ ಎಂಬ ಕಾಲಂ ಸೇರಿಸಿದ್ದೇವೆ. ಸುಮ್ನೆ ಪ್ರೆಶರ್ ಎಷ್ಟು ಅಂತ ಬರೆದರೆ, ಬೇರೆ ಪೀಸ್ ಬಂದಾಗ ಅದು ಕೆಲಸಕ್ಕೆ ಬರುವುದಿಲ್ಲ. ಇದರಿಂದ ದಿನದ ಪ್ರೊಡಕ್ಷನ್ ಸ್ವಲ್ಪ ಕಡಿಮೆಯಾಗುತ್ತದೆ, ಆ ನಷ್ಟ ನಿಜ.

ಬುಷ್‌ನ ರಿಜೆಕ್ಷನ್ ಇಳಿದಿದೆ. ಆ ಹಿರಿಯರು ಈಗ ಶನಿವಾರ ಬಂದು ಉಳಿದ ಪಾರ್ಟ್‌ಗಳ ಶೀಟ್ ಬರೆಸುತ್ತಿದ್ದಾರೆ. ಅವರಿಗೆ ಕೊಡುವ ದುಡ್ಡನ್ನು ಪ್ರೊಫೆಷನಲ್ ಫೀಸ್ ಅಡಿಯಲ್ಲಿ ಹಾಕುತ್ತೇನೆ. ಮುಂದಿನ ವರ್ಷದ ಬಜೆಟ್‌ನಲ್ಲೂ ಅದನ್ನು ಉಳಿಸಿಕೊಳ್ಳಬೇಕು ಅಂತ ಕೇಳಿದ್ದೇನೆ.