ಹಾಳೆಯ ಹಿಂದಿನ ಹೆಂಗಸು

ನಾನು ಲಾ ಕಾಲೇಜಿಗೆ ಸೇರಿದ್ದು 2015ರಲ್ಲಿ, ಮೂರು ವರ್ಷದ ಎಲ್‌ಎಲ್‌ಬಿಗೆ. ನಮಗೆ ಸಂವಿಧಾನ ಹೇಳಿಕೊಟ್ಟ ಮೇಡಂ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಕೇಳಿದಾಗ ಬರಿ ಅಂದರು, ಹೆಸರು ಮಾತ್ರ ಹಾಕಬೇಡ ಅಂದರು. ಹಾಗಾಗಿ ಮೇಡಂ ಅಂತಲೇ ಬರೆಯುತ್ತೇನೆ.

ಒಂದು ದಿನ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದೆ. ಒಂದು ಮಗ್ಗುಲು ಬಳಸಿದ ಹಾಳೆಗಳು, ಅದಕ್ಕೇ ರೇಟು ಕಡಿಮೆ. ಮೇಡಂ ನನ್ನ ಬೆಂಚಿನ ಹತ್ತಿರ ಬಂದು ಒಂದು ಹಾಳೆ ಎತ್ತಿ ತಿರುಗಿಸಿದರು. ಹಿಂದೆ ಯಾರದೋ ಆಧಾರ್ ಕಾರ್ಡು. ಸ್ವಲ್ಪ ಓರೆಯಾಗಿ ಬಂದಿತ್ತು, ಅದಕ್ಕೇ ರದ್ದಿಗೆ ಹಾಕಿರಬೇಕು. ಹೆಂಗಸಿನ ಫೋಟೋ ಪೂರ್ತಿ ಕಪ್ಪಾಗಿತ್ತು. ಆದರೆ 12 ಅಂಕಿ, ಹುಟ್ಟಿದ ದಿನ, ಗಂಡನ ಹೆಸರು, ಮನೆ ನಂಬರು ಎಲ್ಲ ಕಣ್ಣಿಗೆ ಹೊಡೆಯುವ ಹಾಗಿತ್ತು.

"ಇವರು ನಿನಗೆ ಗೊತ್ತಾ?"

"ಇಲ್ಲ ಮೇಡಂ."

"ಇವರ ಮನೆ ಎಲ್ಲಿದೆ ಅಂತ ಈಗ ಗೊತ್ತಾಯ್ತಲ್ವಾ? ನೀನು ಯಾರು ಅಂತ ಅವರಿಗೆ ಗೊತ್ತಿಲ್ಲ."

ಬಯ್ಯಲಿಲ್ಲ. ಆ ಹಾಳೆಯಲ್ಲಿದ್ದ ನೋಟ್ಸನ್ನು ಕೈಯಲ್ಲಿ ಬರೆದುಕೋ ಅಂದರು, ಬರೆದು ಮುಗಿಸುವವರೆಗೆ ಕಾದರು, ಆಮೇಲೆ ಹಾಳೆಯನ್ನು ಸಣ್ಣ ಸಣ್ಣ ಚೂರು ಮಾಡಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. ಕ್ಲಾಸಿನ ಕಸದ ಬುಟ್ಟಿಗೂ ಹಾಕಲಿಲ್ಲ.

ಅವರು ಖರಕ್ ಸಿಂಗ್ ಕೇಸ್ ಪಾಠ ಮಾಡಿದ ರೀತಿ ನಮ್ಮ ಬ್ಯಾಚಿನವರು ಯಾರೂ ಮರೆತಿರಲಾರರು. ಕ್ಲಾಸಿನಿಂದ ಹೊರಗೆ ಹೋಗಿ, ಬಾಗಿಲು ಹಾಕಿಕೊಂಡು, ಹೊರಗಿನಿಂದ ಜೋರಾಗಿ ಬಡಿದರು. ನಾವೆಲ್ಲ ಬೆಚ್ಚಿದೆವು. ಒಳಗೆ ಬಂದು, "ಇದು ಹಗಲು. ಮಧ್ಯರಾತ್ರಿ ಪೊಲೀಸರು ಹೀಗೆ ಬಡಿದರೆ?" ಅಂದರು. ಉತ್ತರ ಪ್ರದೇಶದಲ್ಲಿ ಡಕಾಯಿತಿ ಅನುಮಾನದ ಮೇಲೆ ಹಿಡಿದು, ಸಾಕ್ಷಿ ಇಲ್ಲದೆ ಬಿಟ್ಟುಬಿಟ್ಟ ಒಬ್ಬ ಮನುಷ್ಯನ ಮನೆಗೆ ಪೊಲೀಸರು ರಾತ್ರಿ ಹೊತ್ತು ಬರುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟಿನ ಆರು ನ್ಯಾಯಮೂರ್ತಿಗಳ ಪೀಠ ಆ ರಾತ್ರಿ ಭೇಟಿಯನ್ನು ತಪ್ಪು ಅಂತ ಹೇಳಿತು. ಆದರೆ ಖಾಸಗಿತನದ ಹಕ್ಕು ಅನ್ನೋದು ಸಂವಿಧಾನದಲ್ಲಿ ಇಲ್ಲ ಅಂತಲೂ ಹೇಳಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಸುಬ್ಬರಾವ್ ಇದನ್ನು ಒಪ್ಪಲಿಲ್ಲ, ನ್ಯಾಯಮೂರ್ತಿ ಶಾ ಕೂಡ ಅವರ ಜೊತೆ ನಿಂತರು. ಖಾಸಗಿತನ ಸ್ವಾತಂತ್ರ್ಯದ ಒಳಗೇ ಇದೆ ಅನ್ನೋದು ಸುಬ್ಬರಾವ್ ವಾದ.

ನಾವು ಓದುತ್ತಿದ್ದ ಕಾಲಕ್ಕೇ ಆ ಪ್ರಶ್ನೆ ಮತ್ತೆ ಎದ್ದಿತ್ತು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದ್ದರು. ಆ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಅಂತ ನಾವು ಕೇಳಿದ್ದಕ್ಕೆ ಮೇಡಂಗೆ ನಿಜಕ್ಕೂ ಬೇಜಾರಾಗಿತ್ತು.

2017ರ ಆಗಸ್ಟ್ 24, ಗೌರಿ ಹಬ್ಬ. ನಾನು ಊರಿಗೆ ಹೋಗುವ ಬಸ್ಸಿನಲ್ಲಿದ್ದೆ. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ಮಾತು ಹೇಳಿದ್ದರು, ಖಾಸಗಿತನ ಮೂಲಭೂತ ಹಕ್ಕು ಅಂತ. ಮೇಡಂ ವಾಟ್ಸಾಪ್‌ನಲ್ಲಿ 547 ಪುಟದ ತೀರ್ಪು ಕಳಿಸಿ, "ಹಬ್ಬ ಮುಗಿಸಿ, ಓದಿಕೊಂಡು ಬನ್ನಿ" ಅಂತ ಬರೆದಿದ್ದರು. ಕಿಟಕಿ ಪಕ್ಕ ಕೂತು, ನೆಟ್‌ವರ್ಕ್ ಸಿಕ್ಕಾಗ ಒಂದಿಷ್ಟು ಇಳಿಸಿಕೊಂಡು, ಹೋಗಿ ಬಂದು ಸುಬ್ಬರಾವ್ ಹೆಸರನ್ನೇ ಹುಡುಕುತ್ತಿದ್ದೆ. 55 ವರ್ಷದ ಮೇಲೆ ಅವರ ಮಾತು ಗೆದ್ದಿತ್ತು. ಕಣ್ಣು ತುಂಬಿ ಬಂತು.

ಈಗ ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಕದ್ದು, ನಕಲಿ ಬೆರಳಿನಿಂದ ಬ್ಯಾಂಕ್ ಖಾತೆಯ ದುಡ್ಡು ತೆಗೆದ ಪ್ರಕರಣಗಳು ಹೊರಬಂದವು. ಆಮೇಲೆ ಒಬ್ಬರು ಅಜ್ಜ ಬಂದರು. ಅವರ ಖಾತೆಯಿಂದಲೂ ದುಡ್ಡು ಹೋಗಿತ್ತು, ಹೇಗೆ ಅಂತ ಇನ್ನೂ ಗೊತ್ತಾಗಿರಲಿಲ್ಲ. ಓಟಿಪಿ ಯಾರಿಗೂ ಹೇಳಿಲ್ಲ ಸ್ವಾಮಿ ಅಂತ ಮತ್ತೆ ಮತ್ತೆ ಹೇಳಿದರು. ಆಧಾರ್ ಮೂಲಕ ದುಡ್ಡು ತೆಗೆಯೋಕೆ ಓಟಿಪಿ ಬೇಕಾಗಿಯೇ ಇಲ್ಲ, ಆಧಾರ್ ನಂಬರಿನ ಜೊತೆ ಬೆರಳು ಸಾಕು ಅಂದಾಗ ತಮ್ಮ ಬಲಗೈ ಹೆಬ್ಬೆಟ್ಟನ್ನು ನೋಡಿಕೊಂಡು, "ಇದನ್ನ ಬದಲಾಯಿಸೋಕಾಗತ್ತಾ?" ಅಂದರು. ನಾನು ಏನು ಹೇಳಲಿ? ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯ ಆಧಾರ್‌ನಲ್ಲೇ ಇದೆ. ಅವತ್ತೇ ಮಾಡಿಸಿಕೊಟ್ಟೆ. ಓದುವವರು ಇವತ್ತೇ ಮಾಡಿ, ಅಪ್ಪ ಅಮ್ಮನದ್ದೂ ಮಾಡಿಸಿ.

ಜನರ ವೈಯಕ್ತಿಕ ಮಾಹಿತಿ ಕಾಪಾಡೋಕೆ ಅಂತ ಬಂದ 2023ರ ಹೊಸ ಡೇಟಾ ಕಾಯ್ದೆ ಬಗ್ಗೆ ನನಗೂ ಮೇಡಂಗೂ ಫೋನಿನಲ್ಲಿ ಜಗಳವೇ ಆಯ್ತು. ಡೇಟಾ ಸರಿಯಾಗಿ ಕಾಪಾಡದವರಿಗೆ 250 ಕೋಟಿವರೆಗೆ ದಂಡ ಇದೆಯಲ್ಲ, ಒಳ್ಳೇದಲ್ವಾ ಅಂದೆ. "ಆ ದಂಡ ಯಾರಿಗೆ ಹೋಗತ್ತೆ ಓದಿದ್ಯಾ?" ಅಂದರು. ಓದಿದರೆ, ಎಲ್ಲ ಸರ್ಕಾರದ ಸಂಚಿತ ನಿಧಿಗೆ. ಹಳೆಯ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 43ಎ ಸೆಕ್ಷನ್ನಿನಲ್ಲಿ, ಕಂಪನಿಯ ನಿರ್ಲಕ್ಷ್ಯದಿಂದ ನಷ್ಟವಾದವರಿಗೇ ಪರಿಹಾರ ಸಿಗುವ ದಾರಿ ಇತ್ತು. ಹೊಸ ಕಾಯ್ದೆ ಅದನ್ನೇ ತೆಗೆದುಹಾಕುತ್ತದೆ. ಮೇಡಂ ಹೇಳಿದ್ದು ಸರಿ. ನಷ್ಟವಾದವನ ಕೈಗೆ ಏನೂ ಬರಲ್ಲ ಅಂದರೆ ಅವನು ದೂರು ಕೊಡೋಕಾದ್ರೂ ಯಾಕೆ ಅಲೀತಾನೆ?

ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿ ನೋಡಿದ ಕೂಡಲೇ ಮೇಡಂಗೆ ಫೋನ್ ಮಾಡಿದೆ. ಇಬ್ಬರಿಗೂ ಜಾಸ್ತಿ ಮಾತು ಬರಲಿಲ್ಲ. ಕೊನೆಗೆ ಅವರೇ, "ಆ ಜೆರಾಕ್ಸ್ ಹೆಂಗಸು ನೆನಪಿದ್ದಾರಾ?" ಅಂತ ಕೇಳಿದರು.

ನೆನಪಿದ್ದಾರೆ. ಆದರೆ ಹೆಸರು ಯಾರಿಗೂ ಹೇಳಿಲ್ಲ.