ತಿರುವಿನ ಬೇರು

ಇಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮಣ್ಣುದಾರಿಯಲ್ಲಿ ಹೊಸ ಶೂ ಹಾಕಿಕೊಂಡು ಓಡಿದೆ. ಹೋಕಾ ಕಂಪನಿಯದು, ದಪ್ಪ ಮೆತ್ತನೆಯ ಅಟ್ಟೆಯದು.

ಮೊದಲ ನೂರು ಹೆಜ್ಜೆ ಹಾಸಿಗೆಯ ಮೇಲೆ ನಡೆದಂತಿತ್ತು.

ತಿರುವಿನಲ್ಲಿ ಒಂದು ಬೇರು ಇದೆ. ದಿನವೂ ಅಂಗಾಲಿಗೆ ಒತ್ತಿ, ಅರ್ಧ ಸುತ್ತು ಮುಗಿಯಿತು ಎಂದು ತಿಳಿಸುತ್ತಿತ್ತು. ಇಂದು ಅದನ್ನು ತುಳಿದದ್ದೇ ಗೊತ್ತಾಗಲಿಲ್ಲ.

ಬೆಟ್ಟದ ಇಳಿಜಾರಿನಲ್ಲಿ ವೇಗವಾಗಿ ಓಡಬೇಕೆಂದು 2009ರಲ್ಲಿ ಫ್ರಾನ್ಸಿನ ಇಬ್ಬರು ಈ ಬಗೆಯ ಶೂ ಶುರುಮಾಡಿದರು. ಅವರಿಗೆ ಮನಸಾರೆ ಕೃತಜ್ಞ. ಎಷ್ಟೋ ತಿಂಗಳ ಮೇಲೆ ಮಂಡಿ ನೋಯದೆ ಓಟ ಮುಗಿಸಿದೆ, ಕಣ್ಣು ತುಂಬಿತು.

ಆದರೂ ಮನಸ್ಸು ತಡೆಯಲಿಲ್ಲ. ಹಿಂದಕ್ಕೆ ಹೋಗಿ ಬೇರನ್ನು ಹುಡುಕಿದೆ. ಅಲ್ಲೇ ಇತ್ತು. ಶೂ ಬಿಚ್ಚಿ ಬರಿಗಾಲನ್ನು ಅದರ ಮೇಲಿಟ್ಟು ಸ್ವಲ್ಪ ಹೊತ್ತು ನಿಂತೆ.

ತಣ್ಣಗಿತ್ತು.